ಕೊಳಗವಿಲ್ಲದ ರಾಜಕೀಯ: ‘ಅವಸ್ಥೆ’ಯ ಮರುಓದು

ಬಹುಕಾಲ ಹಸ್ತಪ್ರತಿ, ಶಾಸನಗಳಲ್ಲೇ ಮುಳುಗಿದ್ದವನು ಮೊನ್ನೆ ಗ್ರಂಥಾಲಯದ ಕಾದಂಬರಿ ವಿಭಾಗಕ್ಕೆ ಮರಳಿ ಮೊದಲು ಕೈಗೆತ್ತಿಕೊಂಡದ್ದು ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ಯನ್ನು. ‘ಕನ್ನಡದ ಶ್ರೇಷ್ಠ ರಾಜಕೀಯ ಕಾದಂಬರಿ’ ಎಂಬ ಒಕ್ಕಣೆಯನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ನಕಲು ಮಾಡುತ್ತ ಬಂದಿದ್ದಾರೆ. ಅದನ್ನು ಪರೀಕ್ಷಿಸುವ ಮನಸ್ಸಾಯಿತು. ಕೂಳೂರಿನ ಮನೆಯಲ್ಲಿ ಎರಡು ರಾತ್ರಿ ಕುಳಿತು ಓದಿ ಮುಗಿಸಿದೆ. ಉಳಿದದ್ದು ನಿರಾಶೆ.

1978ರಲ್ಲಿ ಪ್ರಕಟವಾದ ಈ ಕೃತಿಯ ನಾಯಕ ಕೃಷ್ಣಪ್ಪಗೌಡನ ಹಿಂದೆ ಶಾಂತವೇರಿ ಗೋಪಾಲಗೌಡರ ಬದುಕಿನ ನೆನಪಿದೆ ಎಂಬುದು ಎಲ್ಲರೂ ಬಲ್ಲ ಮಾತು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ನಾಯಕ ತನ್ನ ಗತವನ್ನು ಮೆಲುಕು ಹಾಕುತ್ತಾನೆ. ದನ ಕಾಯುವ ಹುಡುಗ, ಅವನನ್ನು ಗುರುತಿಸಿ ಓದಿಗೆ ಹಚ್ಚುವ ಮಹೇಶ್ವರಯ್ಯ, ಕ್ರಾಂತಿಯ ಕನಸುಗಾರ ಅಣ್ಣಾಜಿ: ಈ ಭಾಗಗಳ ಗದ್ಯ ಇಂದಿಗೂ ಮಾಸಿಲ್ಲ. ನನ್ನ ತಕರಾರು ಇರುವುದು ‘ರಾಜಕೀಯ’ ಎಂಬ ವಿಶೇಷಣದ ಬಗ್ಗೆ. ಇಲ್ಲಿ ರಾಜಕೀಯವೆಂದರೆ ಒಬ್ಬ ಮನುಷ್ಯ ಶುದ್ಧನಾಗಿ ಉಳಿದನೇ ಕೆಟ್ಟನೇ ಎಂಬ ಆತ್ಮಪರೀಕ್ಷೆ ಮಾತ್ರ. ಗೇಣಿದಾರರು ಬರುತ್ತಾರೆ, ನಾಯಕನ ತೇಜಸ್ಸಿಗೆ ಕನ್ನಡಿ ಹಿಡಿದು ಮರೆಗೆ ಸರಿಯುತ್ತಾರೆ. ದುಡಿದು ಮನೆ ನಡೆಸುವ ಹೆಂಡತಿ ಸೀತೆಯ ಪಾಲಿಗೆ ಬಂದದ್ದು ಸಣ್ಣತನ. ಆಕೆಯ ಸಂಬಳ ಗಂಡನ ನಿಸ್ಪೃಹತೆಯನ್ನು ಎಷ್ಟು ಕಾಲ ಸಾಕಿತು ಎಂಬ ಲೆಕ್ಕ ರಾಜಕೀಯವಲ್ಲವೆ?

ಗೋಪಾಲಗೌಡರ ರಾಜಕೀಯ ಇಷ್ಟು ಅಶರೀರವಾಗಿರಲಿಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಜಗಳ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ. ಧಣಿಯ ಕೊಳಗ ದೊಡ್ಡದೆಂದು ದೀವರ ಒಕ್ಕಲುಗಳು ಎದ್ದು ನಿಂತರು, ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆ ಪ್ರವೇಶಿಸಿದರು. ಮರದ ಒಂದು ಅಳತೆಪಾತ್ರೆಯಿಂದ ಶಾಸನಸಭೆಯವರೆಗಿನ ಈ ದಾರಿಯನ್ನು ಕಾದಂಬರಿ ತುಳಿಯುವುದೇ ಇಲ್ಲ. ಕಾದಂಬರಿ ಚರಿತ್ರೆಯಲ್ಲ ಎಂದು ನವ್ಯದ ವಕೀಲರು ಎದ್ದುನಿಲ್ಲುತ್ತಾರೆ. ಚರಿತ್ರೆಯನ್ನು ಕೇಳಿದವರಾರು? ಒಕ್ಕಲಿನ ಒಳತೋಟಿಗೂ ಅಂತರಂಗದ ಪಟ್ಟ ಕೊಡಿ ಎಂಬುದಷ್ಟೇ ಬೇಡಿಕೆ.

ಅಂಥ ಅಂತರಂಗ ನಮ್ಮ ಕರಾವಳಿಯ ಮನೆಮನೆಯಲ್ಲಿತ್ತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದಾಗ ‘ಡಿಕ್ಲರೇಶನ್’ ಎಂಬುದು ತುಳುನಾಡಿನ ಮನೆಮಾತಾಯಿತು. ಜೈನ, ಬಂಟ, ಬ್ರಾಹ್ಮಣ ಧಣಿಗಳ ಒಕ್ಕಲುಗಳು ಭೂನ್ಯಾಯಮಂಡಳಿಯ ಮುಂದೆ ನಿಂತರು. ಧಣಿಯ ಮನೆಯ ಅನ್ನ ತಿಂದು ಅವರ ವಿರುದ್ಧ ಅರ್ಜಿ ಹಾಕುವುದೆಂತು ಎಂಬ ಸಂಕೋಚದಿಂದ ಹಿಂಜರಿದವರಿದ್ದರು; ಹಾಕಿ ಗೆದ್ದು, ಧಣಿಯ ಅಂಗಳ ತುಳಿಯಲಾರದೆ ನೊಂದವರೂ ಇದ್ದರು. ಇತ್ತ ಕೂಳೂರಿನ ಪಕ್ಕದ ಪಣಂಬೂರಿನಲ್ಲಿ ಬಂದರಿಗಾಗಿ ನೆಲ ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸ ಮನೆ ಹೂಡಿದ್ದರು. ಅದೇ ದಶಕದಲ್ಲಿ ಬಂದ ‘ಶ್ರೇಷ್ಠ ರಾಜಕೀಯ ಕಾದಂಬರಿ’ಗೆ ನಾಯಕನ ಹಾಸಿಗೆಯ ಸುತ್ತಲೇ ಲೋಕ.

ಅನ್ನದ ಹಂಗಿನ ಈ ತೊಳಲಾಟಕ್ಕೆ ಹಳಗನ್ನಡದಲ್ಲಿ ಹೆಸರೇ ಇದೆ: ಜೋಳದ ಪಾಳಿ. ಪಂಪನ ಕರ್ಣನನ್ನು ಕಟ್ಟಿಹಾಕಿದ್ದು ಅದು. ಅರಿಕೇಸರಿಯ ಆಶ್ರಯದಲ್ಲಿದ್ದೇ, ಆ ದೊರೆಯನ್ನು ಅರ್ಜುನನೊಡನೆ ಸಮೀಕರಿಸಿ ಬರೆದ ಕವಿ, ಎದುರಾಳಿಯ ಋಣಕ್ಕೆ ತನ್ನ ಕಾವ್ಯದ ಅತ್ಯಂತ ಆರ್ದ್ರ ಭಾಗಗಳನ್ನು ಮೀಸಲಿಟ್ಟ. ರಾಜ್ಯ, ಅನ್ನ, ನಿಷ್ಠೆಗಳನ್ನು ಬಿಡಿಸಲಾಗದ ಒಂದೇ ಗಂಟಾಗಿ ಕಂಡ 10ನೆಯ ಶತಮಾನದ ಪಂಪನನ್ನು ‘ಆಸ್ಥಾನಕವಿ’ ಎಂದು ಬದಿಗಿಟ್ಟು, ಗಂಟನ್ನು ಕತ್ತರಿಸಿ ಆತ್ಮವೊಂದನ್ನೇ ಎತ್ತಿಕೊಂಡ ಕೃತಿಯನ್ನು ‘ರಾಜಕೀಯ’ವೆಂದು ಕೊಂಡಾಡುವ ವಿಮರ್ಶೆಯ ಅಳತೆಗೋಲಾದರೂ ಯಾವುದು?

ಅದರ ಫಲ ತರಗತಿಯಲ್ಲಿ ಕಾಣುತ್ತಿದೆ. ಅಜ್ಜನ ಡಿಕ್ಲರೇಶನ್ನಿನಿಂದ ಬಂದ ಗದ್ದೆಯ ಅಂಚಿನಿಂದಲೇ ಕಾಲೇಜಿಗೆ ಹೊರಡುವ ವಿದ್ಯಾರ್ಥಿ, ರಾಜಕೀಯವೆಂದರೇನು ಎಂದು ಕೇಳಿದರೆ ‘ನಾಯಕರ ನೈತಿಕ ಅಧಃಪತನ’ ಎಂದು ಬರೆಯುತ್ತಾನೆ. ಮನೆಯ ಕಪಾಟಿನಲ್ಲಿರುವ ನ್ಯಾಯಮಂಡಳಿಯ ತೀರ್ಪು ಅವನಿಗೆ ಪಠ್ಯವಾಗಿ ತೋರುವುದೇ ಇಲ್ಲ.

ಆದರೂ ‘ಅವಸ್ಥೆ’ಯೊಳಗೆ ಒಬ್ಬ ರಾಜಕೀಯ ಜೀವಿಯಿದ್ದಾನೆ: ಗುತ್ತಿಗೆದಾರ ವೀರಣ್ಣ. ಉಪಕಾರವನ್ನು ಹೊತ್ತು ತರುವ, ಋಣವನ್ನು ಸದ್ದಿಲ್ಲದೆ ಬೆಳೆಸುವ ಈತ ಬಂದಾಗಲೆಲ್ಲ ಪುಟ ಜೀವ ತಳೆಯುತ್ತದೆ, ಏಕೆಂದರೆ ಅವನ ಜೊತೆಗೆ ಕೊಡುಕೊಳೆಯೂ ಒಳಗೆ ಬರುತ್ತದೆ. ಹೊಸದಾಗಿ ಪ್ರಬಂಧ ಬರೆಯಲು ಹೊರಟವರು ಕೃಷ್ಣಪ್ಪಗೌಡನ ಅಂತರಂಗವನ್ನು ಸ್ವಲ್ಪ ಕಾಲ ಅದರ ಪಾಡಿಗೆ ಬಿಟ್ಟು, ಈ ವೀರಣ್ಣನ ಲೆಕ್ಕದ ಪುಸ್ತಕದಿಂದ ಆರಂಭಿಸಲಿ.