ಪ್ರಯೋಗವಿಲ್ಲದ ಭೌತಶಾಸ್ತ್ರ ಯಾರಿಗಾಗಿ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಹೊರಬಿದ್ದ ವಾರದಲ್ಲಿ ಬ್ಯಾಡಗಿಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯಿಂದ ಮನೆ ನಡೆಸುವವರು. “ಫಾದರ್, ಇವಗ ಸೈನ್ಸ್ ಕೊಡಸೂದೋ ಬ್ಯಾಡೋ? ಫಿಸಿಕ್ಸ್ ಬಡವರ ಮಕ್ಕಳಿಗೆ ಅಲ್ಲಂತ ಎಲ್ಲಾರೂ ಅಂತಾರ” ಎಂದರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಎಷ್ಟೋ ಮನೆಗಳಲ್ಲಿ ಬೇರೂರಿರುವ ಈ ಮಾತು ಸುಳ್ಳು. ಅದನ್ನು ಸುಳ್ಳೆಂದು ಸಾರುವ ಧೈರ್ಯ ನಮಗಿರಬೇಕು.

ಹತ್ತನೆಯ ತರಗತಿಯವರೆಗೆ ‘ವೇಗೋತ್ಕರ್ಷ’, ‘ಜಡತ್ವ’ ಎಂದು ಕಲಿತ ಮಗುವಿನ ಮುಂದೆ ಪಿಯುಸಿಯ ಮೊದಲ ದಿನವೇ ಇಂಗ್ಲಿಷಿನ ಗೋಡೆ ಎದ್ದು ನಿಲ್ಲುತ್ತದೆ. ಭಾಷೆಯಲ್ಲಿ ಎಡವಿದ ಮಗುವನ್ನು ನಾವು ಭೌತಶಾಸ್ತ್ರದಲ್ಲಿ ದಡ್ಡನೆಂದು ಕರೆಯುತ್ತೇವೆ. ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2017ರಿಂದ, ಜೆಇಇ ಮೇನ್‌ನದು 2021ರಿಂದ ಕನ್ನಡದಲ್ಲಿಯೂ ಬರುತ್ತಿದೆ. ಪರೀಕ್ಷೆಗೆ ಕನ್ನಡ ಸಲ್ಲುವುದಾದರೆ ಪಾಠಕ್ಕೆ ಏಕೆ ಸಲ್ಲದು? ಮೊದಲ ಒಂದು ತಿಂಗಳಾದರೂ ಎರಡೂ ಭಾಷೆಯ ಪದಗಳನ್ನು ಜೊತೆಜೊತೆಗೆ ಕಲಿಸುವುದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.

ಎರಡನೆಯ ಅನ್ಯಾಯ ಪ್ರಯೋಗಾಲಯದ್ದು. ಪಿಯುಸಿ ಭೌತಶಾಸ್ತ್ರದಲ್ಲಿ ಲಿಖಿತ ಪರೀಕ್ಷೆಗೆ 70 ಅಂಕ, ಪ್ರಯೋಗಕ್ಕೆ 30 ಅಂಕ. ಆದರೂ ಎಷ್ಟೋ ಕಡೆ ಲೋಲಕ ಬೀರುವಿನಿಂದ ಹೊರಬರುವುದೇ ಇಲ್ಲ. ಹಿಂದಿನ ವರ್ಷದ ರೆಕಾರ್ಡ್ ಪುಸ್ತಕ ಮಾತ್ರ ಕೈಯಿಂದ ಕೈಗೆ ದಾಟುತ್ತದೆ. ಅಳತೆ ಮಾಡದೆಯೇ ಅಳತೆ ಬರೆಯುವುದನ್ನು ಹದಿನಾರರ ವಯಸ್ಸಿನಲ್ಲಿ ಕಲಿಸಿದವರು, ಮುಂದೆ ಆತ ಸುಳ್ಳು ಲೆಕ್ಕ ಬರೆದಾಗ ದೂರುವ ಹಕ್ಕನ್ನು ಕಳೆದುಕೊಳ್ಳುತ್ತಾರೆ.

‘ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ ಬಿಡಿಸಬೇಕು, ಪ್ರಯೋಗಕ್ಕೆ ಸಮಯವೆಲ್ಲಿ?’ ಎನ್ನುವವರಿದ್ದಾರೆ. ಸೀಟಿನ ಚಿಂತೆ ಸಹಜವೇ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸೀಟು ಸಿಗುವುದು ಕೆಲವರಿಗೆ. ಉಳಿದವರ ಎರಡು ವರ್ಷಗಳಿಗೆ ಉತ್ತರ ಕೊಡುವವರು ಯಾರು? ಪ್ರಶ್ನೆ ಕೇಳುವ, ತೂಗಿ ನೋಡುವ ಬುದ್ಧಿಯಾದರೂ ಅವರ ಪಾಲಿಗೆ ಉಳಿಯಬೇಡವೇ?

ಬ್ಯಾಡಗಿಯ ಮಾರುಕಟ್ಟೆಯನ್ನೇ ನೋಡಿ. ಶೇಕಡ 20ರಷ್ಟು ತೇವವಿರುವ 100 ಕಿಲೋ ಮೆಣಸಿನಕಾಯಿ ಶೇಕಡ 10ಕ್ಕೆ ಒಣಗಿದರೆ ಎಷ್ಟು ತೂಗುತ್ತದೆ? ತೊಂಬತ್ತು ಎಂದು ಹೆಚ್ಚಿನವರು ಹೇಳುತ್ತಾರೆ. ನೀರನ್ನು ಬಿಟ್ಟು ಉಳಿದ 80 ಕಿಲೋ ಬದಲಾಗದು. ಅದೀಗ ಒಟ್ಟು ತೂಕದ ಶೇಕಡ 90 ಆಗಬೇಕು. ಆದ್ದರಿಂದ ಉತ್ತರ ಸುಮಾರು 89 ಕಿಲೋ. ತಕ್ಕಡಿಯ ಮುಂದೆ ನಿಂತ ರೈತನ ಮಗನಿಗೆ ಈ ಒಂದು ಕಿಲೋದ ಅರಿವು ಬೇಡವೇ?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರಾಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿ ವಿಜ್ಞಾನವನ್ನು ಜನರ ಬಳಿಗೆ ತಂದರು. ಬಡತನ ಅವರ ಬುದ್ಧಿಗೆ ಬೇಲಿ ಹಾಕಲಿಲ್ಲ.

ಆ ತಾಯಿಗೆ ನಾನು ಹೇಳಿದ್ದಿಷ್ಟು: “ಸೈನ್ಸ್ ಕೊಡಸ್ರಿ, ತಾಯಿ. ಆದರ ಕಾಲೇಜಿಗೆ ಹೋದಾಗ ಫೀ ಎಷ್ಟಂತ ಕೇಳೂಕಿಂತ ಮೊದಲು, ವಾರಕ್ಕ ಎಷ್ಟು ತಾಸು ನನ್ನ ಮಗ ಲ್ಯಾಬಿನ್ಯಾಗ ಇರತಾನಂತ ಕೇಳ್ರಿ.” ಪ್ರಿಯ ಓದುಗರೇ, ಈ ವರ್ಷ ನಮ್ಮ ಮೂರೂ ಊರುಗಳ ಹೆತ್ತವರೆಲ್ಲ ಅದೇ ಪ್ರಶ್ನೆಯನ್ನು ಕೇಳಲಿ. ಬೀರುವಿನ ಬೀಗ ತಾನಾಗಿ ತೆರೆದುಕೊಳ್ಳುವುದಿಲ್ಲ.