ನೆಟ್ಟಣದ ಹಳಿ ಮತ್ತು ಪ್ರಗತಿಯ ಜಮಾಖರ್ಚು

ಪ್ರಗತಿಯು ಸಮಾಜಕ್ಕೆ ಹಿತವೋ ಅಹಿತವೋ ಎಂಬ ಪ್ರಶ್ನೆಗೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವೇ ತಕ್ಕ ನಿದರ್ಶನ. 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗವನ್ನು ಬ್ರಾಡ್ ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಲಾಯಿತು. ಸರಕು ಗಾಡಿ ಮರಳಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಇಲ್ಲಿಯವರೆಗೆ ಘಟ್ಟದ ಹಾದಿ, 57 ಸುರಂಗಗಳು. ಕಾಮಗಾರಿ ಸುಲಭವಾಗಿರಲಿಲ್ಲ, ನಿಜ. ಫಲವೂ ನಿರಾಕರಿಸಲಾಗದ್ದು: ಗೇಜ್ ಬದಲಾವಣೆಗೆಂದು ಸರಕನ್ನು ನಡುದಾರಿಯಲ್ಲಿ ಇಳಿಸಿ ಏರಿಸುವ ತಾಪತ್ರಯ ತಪ್ಪಿತು. ಆದರೆ ರೈಲಿಲ್ಲದ ಆ ಹತ್ತು ವರ್ಷ ಲಾರಿ ಬಾಡಿಗೆ ತೆತ್ತವರು ವರ್ತಕರು. ಯೋಜನಾ ವೆಚ್ಚದ ಪಟ್ಟಿಯಲ್ಲಿ ಅದಕ್ಕೆ ಬಾಬ್ತೇ ಇಲ್ಲ! 2015 ಹಾಗೂ 2018ರಲ್ಲಿ ಕಾಂಕ್ರೀಟ್ ಹಾಸಲು ಶಿರಾಡಿ ಘಟ್ಟದ ಹೆದ್ದಾರಿಯನ್ನು ಮುಚ್ಚಿದಾಗಲೂ ಇದೇ ಪುನರಾವರ್ತನೆ. ಪ್ರಗತಿ ಒಳಿತೇ. ಅದರ ಮಧ್ಯಂತರ ನಷ್ಟವನ್ನು ಮೊದಲೇ ಅಂದಾಜುಪಟ್ಟಿಗೆ ಸೇರಿಸಬೇಕೆಂದು ವಾಣಿಜ್ಯ ಸಂಘಗಳು ಪಟ್ಟು ಹಿಡಿಯಬೇಕಾಗಿದೆ.