ಒಂದೇ ಗುಂಡಿಗೆ ಮೂರು ಪೆಟ್ಟಿಗೆ

ಸೋದರಿಯರೇ, ನಿಮ್ಮ ನಡುಮನೆಯ ಮೇಜನ್ನೊಮ್ಮೆ ನೋಡಿ. ಟಿ.ವಿ.ಗೊಂದು ರಿಮೋಟು, ಸೆಟ್‌ಟಾಪ್ ಪೆಟ್ಟಿಗೆಗೊಂದು, ಸೌಂಡ್‌ಬಾರ್‌ಗೋ ಹಳೆಯ ಆಂಪ್ಲಿಫೈಯರ್‌ಗೋ ಇನ್ನೊಂದು. ಮಕ್ಕಳು ಮನೆಯಲ್ಲಿದ್ದಾಗ ಎಲ್ಲ ಸಲೀಸು. ಅವರು ಹೊರಗೆ ಹೋದ ಮೇಲೆ? ಅತ್ತೆಯವರಿಗೆ ಮಧ್ಯಾಹ್ನ ನಾಲ್ಕು ದೇವರನಾಮ ಕೇಳುವ ಆಸೆ. ಚಿತ್ರ ಬಂದರೆ ಸದ್ದಿಲ್ಲ, ಸದ್ದು ಬಂದರೆ ಚಿತ್ರವಿಲ್ಲ. "ಹೋಗಲಿ ಬಿಡು, ಸಂಜೆ ಹುಡುಗ ಬರಲಿ" ಅಂತ ಸುಮ್ಮನಾಗುತ್ತಾರೆ. ದುಡ್ಡು ಸುರಿದು ತಂದ ವಸ್ತು ಹಿರಿಯರ ಕೈಗೇ ಒಗ್ಗದಿದ್ದರೆ ಅದೆಂಥ ಅನುಕೂಲ, ನೀವೇ ಹೇಳಿ. ಎಲ್ಲವೂ ಒಟ್ಟಿಗೇ ಚಾಲೂ ಆಗುವಂತೆ ಮಾಡುವುದು ಬ್ರಹ್ಮವಿದ್ಯೆಯೇನಲ್ಲ.

ಮೊದಲು ಟಿ.ವಿ.ಯ ಹಿಂಬದಿ ನೋಡಿ. ಎಚ್‌ಡಿಎಂಐ ತೂತುಗಳಲ್ಲಿ ಒಂದರ ಪಕ್ಕ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಎಂಬ ಅಕ್ಷರಗಳಿರುತ್ತವೆ. ಸೌಂಡ್‌ಬಾರ್‌ನಲ್ಲೂ ಅಂಥದೇ ಒಂದಿದ್ದರೆ ಎರಡನ್ನೂ ಎಚ್‌ಡಿಎಂಐ ತಂತಿಯಿಂದ ಸೇರಿಸಿ. ಈ ತಂತಿಯ ಮೂತಿಯಲ್ಲಿ 19 ಪುಟ್ಟ ಸಂಪರ್ಕಗಳಿವೆ. 13ನೆಯದು ಇರುವುದೇ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು. "ನಾನು ಎದ್ದೆ, ನೀನೂ ಏಳು" ಅಂತ ಟಿ.ವಿ. ಹೇಳಿದರೆ ಸೌಂಡ್‌ಬಾರ್ ಏಳುತ್ತದೆ. ಇದಕ್ಕೆ 'ಸಿಇಸಿ' ಎಂದು ಹೆಸರು. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಸ್ಯಾಮ್‌ಸಂಗ್‌ನಲ್ಲಿ 'ಎನಿನೆಟ್ ಪ್ಲಸ್', ಎಲ್‌ಜಿಯಲ್ಲಿ 'ಸಿಂಪ್‌ಲಿಂಕ್', ಸೋನಿಯಲ್ಲಿ 'ಬ್ರಾವಿಯಾ ಸಿಂಕ್'. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ, ಸದ್ದು ಹೊರಹೋಗುವ ದಾರಿಯಾಗಿ ಎಆರ್‌ಸಿಯನ್ನು ಆರಿಸಿ. ಆಮೇಲೆ ಸದ್ದಿನ ಏರಿಳಿತಕ್ಕೂ ಟಿ.ವಿ. ರಿಮೋಟೇ ಸಾಕು.

ಸೆಟ್‌ಟಾಪ್ ಪೆಟ್ಟಿಗೆಗಳೆಲ್ಲ ಈ ಮಾತು ಕೇಳುವುದಿಲ್ಲ. ಆದರೆ ಅವುಗಳ ಕೆಲವು ರಿಮೋಟುಗಳಿಗೆ ಟಿ.ವಿ.ಯ ಗುಂಡಿಯನ್ನು 'ಕಲಿಸಿ'ಡಬಹುದು. ಜೊತೆಗೆ ಬಂದ ಪುಸ್ತಿಕೆಯಲ್ಲಿ ವಿಧಾನ ಇರುತ್ತದೆ; ಅದನ್ನು ರದ್ದಿಗೆ ಹಾಕಬೇಡಿ.

ಮನೆಯಲ್ಲಿರುವುದು ಹಳೆಯ ಆಂಪ್ಲಿಫೈಯರೇ? ಅದಕ್ಕೊಂದು ಪರೀಕ್ಷೆ. ಹಾಡು ಹಾಕಿ, ಸದ್ದು ಕಡಿಮೆ ಮಾಡಿ, ಗೋಡೆಯ ಸ್ವಿಚ್ ಆರಿಸಿ. ಹತ್ತು ಎಣಿಸಿ ಮತ್ತೆ ಹಾಕಿ. ಆಂಪ್ಲಿಫೈಯರು ತಾನಾಗಿಯೇ ಚಾಲೂ ಆದರೆ ಟಿ.ವಿ.ಯ ಜೊತೆ ಒಂದೇ ಬೋರ್ಡಿಗೆ ಸಿಕ್ಕಿಸಿ, ಒಂದೇ ಸ್ವಿಚ್ಚಿನಲ್ಲಿ ನಡೆಸಬಹುದು. ಬರೀ ಕೆಂಪು ದೀಪ ಹತ್ತಿ ಸುಮ್ಮನಿದ್ದರೆ ಆ ಉಪಾಯ ನಡೆಯದು. ಅದರ ಗುಂಡಿಯನ್ನೇ ಒತ್ತಬೇಕು. ಇನ್ನೊಂದು ಮಾತು: ದೊಡ್ಡ ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು, ಎಲ್ಲಕ್ಕಿಂತ ಮೊದಲು ಆರಿಸಬೇಕು. ತಪ್ಪಿದರೆ ಸ್ಪೀಕರ್‌ನಿಂದ 'ಧಡ್' ಅಂತ ಸದ್ದು ಬರುತ್ತದೆ. ಅದು ಸ್ಪೀಕರಿಗೆ ಒಳ್ಳೆಯದಲ್ಲ. ಅಂಥದನ್ನು ಬೇರೆ ಸ್ವಿಚ್ಚಿನಲ್ಲೇ ಇರಿಸಿ.

ಇನ್ನು ಜಾಗ್ರತೆಯ ಮಾತು. ಇದನ್ನು ಎರಡು ಸಲ ಓದಿ. ನಮ್ಮ ಮನೆಗಳ ಸಣ್ಣ ಪ್ಲಗ್ಗು 6 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್. ಅದೇ ಅದರ ಮಿತಿ. ಟಿ.ವಿ., ಸೆಟ್‌ಟಾಪ್ ಪೆಟ್ಟಿಗೆ, ಸೌಂಡ್‌ಬಾರ್ ಸಾಮಾನ್ಯವಾಗಿ ಇದರೊಳಗೇ ಇರುತ್ತವೆ. "ಒಂದು ತೂತು ಖಾಲಿ ಇದೆಯಲ್ಲ" ಅಂತ ಅದೇ ಬೋರ್ಡಿಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದಿರೋ, ಬೋರ್ಡು ಬಿಸಿಯಾಗಿ ಕರಗೀತು. ಬೋರ್ಡಿಗೆ ಇನ್ನೊಂದು ಬೋರ್ಡು ಜೋಡಿಸುವುದೂ ಬೇಡ. ಐಎಸ್‌ಐ ಗುರುತು ನೋಡಿ ಕೊಳ್ಳಿ. ಮೂರನೆಯ ದಪ್ಪ ಕಡ್ಡಿ ಅರ್ತಿನದು. ಹಿಡಿಸುವುದಿಲ್ಲ ಎಂದು ಅದನ್ನು ಕಿತ್ತು ಹಾಕುವುದು ಜೀವದ ಜೊತೆ ಆಟ.

ರಿಮೋಟಿನಲ್ಲಿ ಆರಿಸಿದರೆ ಪೆಟ್ಟಿಗೆ ಮಲಗುತ್ತದೆ ಅಷ್ಟೆ, ಕರೆಂಟು ಹರಿಯುತ್ತಲೇ ಇರುತ್ತದೆ. ಸುಮ್ಮನಿದ್ದೂ 10 ವ್ಯಾಟ್ ಎಳೆಯುವ ಪೆಟ್ಟಿಗೆ 100 ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸುವ ರೂಢಿ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕವಿಯುವಾಗಲೇ ಪ್ಲಗ್ಗನ್ನೂ ಡಿಶ್ ಅಥವಾ ಕೇಬಲ್ ತಂತಿಯನ್ನೂ ಬಿಡಿಸಿಡಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ. ಪಾತ್ರೆ ತೊಳೆದ ಒದ್ದೆ ಕೈಯಲ್ಲಂತೂ ಕೂಡದು.

ಎಲ್ಲ ಜೋಡಿಸಿಯಾಯಿತೇ? ಹಣೆಗಿಡುವ ಕೆಂಪು ಸ್ಟಿಕ್ಕರ್ ಬೊಟ್ಟೊಂದನ್ನು ರಿಮೋಟಿನ ಆ ಗುಂಡಿಯ ಮೇಲೆ ಅಂಟಿಸಿ. ಉಳಿದ ರಿಮೋಟುಗಳನ್ನು ಡ್ರಾಯರ್‌ನಲ್ಲಿಡಿ. "ಅತ್ತೆ, ಈ ಬೊಟ್ಟು ಒತ್ತಿ, ಸಾಕು" ಎಂದು ತೋರಿಸಿಕೊಡಿ. ಎರಡು ಮೂರು ಸಲ ಅವರ ಕೈಯಿಂದಲೇ ಮಾಡಿಸಿ; ನೀವೇ ಒತ್ತಿಬಿಡಬೇಡಿ. ನಾಳೆ ಮಧ್ಯಾಹ್ನ ಅವರು ಯಾರನ್ನೂ ಕಾಯದೆ ತಮ್ಮ ಹಾಡನ್ನು ತಾವೇ ಹಾಕಿಕೊಳ್ಳಲಿ.